ಬಿಡುವುದಕ್ಕೂ ಬಲ ಬೇಕು

ಮನೆಯಲ್ಲಿ ಸಾವಾದಾಗ ಅಳುವವರು ಅಳುತ್ತಿರುತ್ತಾರೆ. ಅಷ್ಟರಲ್ಲೇ ವಯಸ್ಸಾದ ಯಾರೋ ಒಬ್ಬರು ಮುಂದೆ ಬಂದು ಆಗಬೇಕಾದ ಕೆಲಸಕ್ಕೆ ಕೈಹಾಕುತ್ತಾರೆ. ಅರೆ ತೆರೆದ ಕಣ್ಣುಗಳನ್ನು ಮುಚ್ಚುತ್ತಾರೆ. ಗದ್ದದ ಕೆಳಗಿಂದ ಬಟ್ಟೆ ಹಾಯಿಸಿ ನೆತ್ತಿಯ ಮೇಲೆ ಗಂಟು ಹಾಕುತ್ತಾರೆ. ಕೈಕಾಲು ನೆಟ್ಟಗೆ ಮಾಡಿ, ಕಾಲಿನ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುತ್ತಾರೆ. ಲಿಂಗಾಯತರ ಮನೆಯಾದರೆ ದೇಹವನ್ನು ಚಕ್ಕಳಮಕ್ಕಳ ಹಾಕಿಸಿ ಕೂರಿಸಬೇಕು. ಅದಕ್ಕಂತೂ ತಡ ಮಾಡುವಂತಿಲ್ಲ. ದೂರದ ಊರಿನಿಂದ ಮಗ ಬರಲಿ, ಮಗಳು ಬರಲಿ ಎಂದು ಉಳಿದದ್ದಕ್ಕೆಲ್ಲ ಕಾಯುತ್ತಾರೆ, ಕೂರಿಸುವುದಕ್ಕೆ ಮಾತ್ರ ಕಾಯುವುದಿಲ್ಲ. "ಬೇಗ ಕೂರಿಸ್ರಪ್ಪಾ, ಆಮೇಲೆ ಮೈ ಸೆಟೆದುಕೊಳ್ಳುತ್ತೆ" ಎಂಬ ಮಾತು ಅಲ್ಲಿ ಬಂದೇ ಬರುತ್ತದೆ.

ಹಿರಿಯರ ಲೆಕ್ಕ ಸರಿಯಾಗಿಯೇ ಇದೆ. ಪ್ರಾಣ ಹೋದ ಕೂಡಲೇ ಮೈ ಜೋಲುತ್ತದೆ, ಕೈ ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತದೆ. ನಮ್ಮ ಸೆಕೆಯ ಊರುಗಳಲ್ಲಿ ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ರೆಪ್ಪೆ, ದವಡೆ, ಕತ್ತು ಗಡುಸಾಗತೊಡಗುತ್ತವೆ. ಸುಮಾರು 12 ಗಂಟೆಗಳಲ್ಲಿ ಸೆಟೆತ ಇಡೀ ಮೈಯನ್ನು ವ್ಯಾಪಿಸುತ್ತದೆ. ಮೊಣಕಾಲು ಬಗ್ಗಿಸಬೇಕೆಂದರೆ ಇಬ್ಬರು ಹಿಡಿದು ಬಲ ಹಾಕಬೇಕಾಗುತ್ತದೆ. ಇನ್ನೊಂದು ದಿನ ಕಳೆದರೆ ಅದೇ ಮೈ ಮತ್ತೆ ತಾನಾಗಿಯೇ ಸಡಿಲಾಗುತ್ತದೆ.

ಯೋಚಿಸಿದರೆ ಇದೊಂದು ಒಗಟು. ಮಿದುಳಿನ ಅಪ್ಪಣೆ ಇಲ್ಲ, ನರದಲ್ಲಿ ಮಿಂಚಿಲ್ಲ, ರಕ್ತ ಹರಿಯುತ್ತಿಲ್ಲ, ಹೊಸದಾಗಿ ಒಂದು ತೊಟ್ಟು ಆಮ್ಲಜನಕ ಒಳಗೆ ಹೋಗುತ್ತಿಲ್ಲ. ಹಾಗಿದ್ದ ಮೇಲೆ ಸ್ನಾಯುಗಳನ್ನು ಬಿಗಿ ಮಾಡಿದವರು ಯಾರು? ಮುಷ್ಟಿ ಹಿಡಿಯುವುದು ಕೆಲಸ, ಬಿಡುವುದು ವಿಶ್ರಾಂತಿ ಎಂದು ನಾವೆಲ್ಲ ಎಣಿಸಿದ್ದೇವೆ. ಹಾಗಿದ್ದರೆ ಶಕ್ತಿಯ ಪೂರೈಕೆ ನಿಂತುಹೋದ ದೇಹದಲ್ಲಿ ಎಲ್ಲವೂ ಸಡಿಲವಾಗಿಯೇ ಉಳಿಯಬೇಕಿತ್ತು. ಸ್ನಾಯುವಿನ ಜೀವಕೋಶದ ಒಳಗೆ ಇಣುಕಿದರೆ ಈ ಎಣಿಕೆ ತಲೆಕೆಳಗಾಗುತ್ತದೆ. ಅಲ್ಲಿ ಹಿಡಿತ ಬಿಡುವುದಕ್ಕೇ ಇಂಧನ ಬೇಕು. ಇಂಧನ ಮುಗಿದರೆ ಹಿಡಿದದ್ದು ಹಿಡಿದಂತೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಪಠ್ಯಪುಸ್ತಕಗಳಲ್ಲಿ ಸ್ನಾಯು ಸಂಕುಚನಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ, ಸಡಿಲಿಕೆಗೆ ಕೊನೆಯಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲಿನಲ್ಲಿ ಮುಚ್ಚಿಹೋಗುವ ಸಂಗತಿಯೇ ಹೆಚ್ಚು ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂಳೆಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ನಡೆಯುವ ಸ್ನಾಯುಗಳು ಮೈಯಲ್ಲಿ 600ಕ್ಕೂ ಹೆಚ್ಚು. ತೂಕ ಹಾಕಿದರೆ ದೇಹದ ಐದರಲ್ಲಿ ಎರಡು ಪಾಲು ಅವೇ. ಬೆಂದ ಮಾಂಸದ ತುಂಡನ್ನು ಬೆರಳಲ್ಲಿ ಬಿಡಿಸಿದರೆ ಎಳೆ ಎಳೆಯಾಗಿ ಸೀಳಿಕೊಳ್ಳುವುದನ್ನು ಅಡುಗೆ ಮಾಡುವವರು ಕಂಡಿರುತ್ತಾರೆ. ಕಣ್ಣಿಗೆ ಕಾಣುವ ಆ ಒಂದು ಎಳೆಯೇ ಒಂದು ಕಟ್ಟು. ಅದರಲ್ಲಿ ಹತ್ತಾರು, ನೂರಾರು ಸ್ನಾಯುತಂತುಗಳು ಒಟ್ಟಿಗಿರುತ್ತವೆ. ಒಂದೊಂದು ತಂತುವೂ ಒಂದೇ ಜೀವಕೋಶ. ದಪ್ಪ 10ರಿಂದ 100 ಮೈಕ್ರೋಮೀಟರ್, ಅಂದರೆ ಹೆಚ್ಚೆಂದರೆ ತಲೆಗೂದಲಿನ ಆಸುಪಾಸು. ಉದ್ದ ಮಾತ್ರ ಹಲವು ಸೆಂಟಿಮೀಟರ್ ಇರಬಹುದು. ಭ್ರೂಣದಲ್ಲಿ ನೂರಾರು ಎಳೆಯ ಕೋಶಗಳು ಸಾಲಾಗಿ ಕೂಡಿ ಬೆಸೆದು ಒಂದು ತಂತು ಆಗುವುದರಿಂದ ಅದರಲ್ಲಿ ಕೋಶಕೇಂದ್ರಗಳೂ ನೂರಾರು.

ತಂತುವಿನೊಳಗೆ ಇನ್ನೂ ಸಣ್ಣ ಎಳೆಗಳು ಉದ್ದಕ್ಕೂ ಹಾಸಿಕೊಂಡಿವೆ. ಅವು ಒಂದೆರಡು ಮೈಕ್ರೋಮೀಟರ್ ದಪ್ಪದವು. ಸೂಕ್ಷ್ಮದರ್ಶಕದಲ್ಲಿ ಅವುಗಳ ಮೇಲೆ ಕಪ್ಪು ಪಟ್ಟೆ, ಬಿಳಿ ಪಟ್ಟೆ ಒಂದರ ಪಕ್ಕ ಒಂದು ಕಾಣುತ್ತವೆ. 17ನೇ ಶತಮಾನದಲ್ಲೇ ಹಾಲೆಂಡಿನ ಸೂಕ್ಷ್ಮದರ್ಶಕತಜ್ಞ ಲೇವನ್‌ಹುಕ್ ಈ ಗೆರೆಗಳನ್ನು ಕಂಡಿದ್ದ. ಪಟ್ಟೆಗಳ ಒಂದು ಪೂರ್ತಿ ಸುತ್ತಿಗೆ ಸಾರ್ಕೋಮಿಯರ್ ಎಂದು ಹೆಸರು. ಆರಾಮವಾಗಿರುವ ಸ್ನಾಯುವಿನಲ್ಲಿ ಅದರ ಉದ್ದ ಎರಡು ಮೈಕ್ರೋಮೀಟರಿಗೆ ತುಸು ಮೇಲೆ. 10 ಸೆಂಟಿಮೀಟರ್ ಉದ್ದದ ಒಂದು ಎಳೆಯಲ್ಲಿ ಇಂಥವು ಸುಮಾರು 45 ಸಾವಿರ ಒಂದರ ತುದಿಗೆ ಒಂದು ಸೇರಿಕೊಂಡು ನಿಂತಿರುತ್ತವೆ. ಪ್ರತಿಯೊಂದೂ ಅರ್ಧ ಮೈಕ್ರೋಮೀಟರ್ ಕುಗ್ಗಿದರೆ ಸಾಕು, ಇಡೀ ಎಳೆ ಎರಡು ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗುತ್ತದೆ. ಮೂಳೆಯ ಸನ್ನೆಗೆ ಅಷ್ಟು ಸಿಕ್ಕರೆ ಅಂಗೈ ಎಷ್ಟೋ ದೂರ ಮೇಲೇಳುತ್ತದೆ.

ಕುಗ್ಗುವುದು ಹೇಗೆ ಎಂಬ ಪ್ರಶ್ನೆಗೆ ಬಹುಕಾಲ ಇದ್ದ ಉತ್ತರವೆಂದರೆ, ನರದ ಮೂಲಕ ಯಾವುದೋ ಪ್ರಾಣವಾಯು ಹರಿದು ಬಂದು ಸ್ನಾಯು ಊದಿಕೊಳ್ಳುತ್ತದೆ ಎಂಬುದು. ಇದನ್ನು ಕೆಡವಿದವನು ಹಾಲೆಂಡಿನ ಯಾನ್ ಸ್ವಾಮರ್‌ಡಮ್. ಕಪ್ಪೆಯ ಸ್ನಾಯುವನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟು, ಮೇಲಿನ ಸಣ್ಣ ಕೊಳವೆಯಲ್ಲಿ ಒಂದು ಹನಿ ನೀರು ನಿಲ್ಲಿಸಿ, ನರವನ್ನು ಕೆಣಕಿದ. ಸ್ನಾಯು ಕುಗ್ಗಿತು. ಊದಿಕೊಂಡಿದ್ದರೆ ಹನಿ ಮೇಲೇರಬೇಕಿತ್ತು, ಅದು ಏರಲಿಲ್ಲ. ತೋಳು ಮಡಚಿದಾಗ ಉಬ್ಬು ಕಾಣುವುದು ಸ್ನಾಯು ಗಿಡ್ಡವಾಗಿ ದಪ್ಪಗಾಗುವುದರಿಂದ, ಒಟ್ಟು ಗಾತ್ರ ಅಷ್ಟೇ ಇರುತ್ತದೆ.

ನಿಜವಾದ ಉತ್ತರ ಸಿಕ್ಕಿದ್ದು 1954ರಲ್ಲಿ. ಅದೂ ಎರಡು ಕಡೆಯಿಂದ ಒಟ್ಟಿಗೆ. 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬೆನ್ನಿಗೆ ಬೆನ್ನು ಹಚ್ಚಿ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರು ಹಕ್ಸ್‌ಲಿಗಳಿಗೂ ರಕ್ತಸಂಬಂಧ ಇರಲಿಲ್ಲ. ಮೊದಲ ಜೋಡಿ ಕಪ್ಪೆಯ ಜೀವಂತ ತಂತುವನ್ನು ನೋಡಿತು, ಎರಡನೆಯದು ಬಿಡಿಸಿ ತೆಗೆದ ಒಳ ಎಳೆಗಳನ್ನು ನೋಡಿತು. ಎರಡೂ ಜೋಡಿಗಳಿಗೆ ಕಂಡದ್ದು ಒಂದೇ. ಸ್ನಾಯು ಕುಗ್ಗುವಾಗ ಬಿಳಿ ಪಟ್ಟೆ ಸಣ್ಣದಾಗುತ್ತದೆ, ಕಪ್ಪು ಪಟ್ಟೆಯ ಅಗಲ ಹಾಗೆಯೇ ಉಳಿಯುತ್ತದೆ. ಅಂದರೆ ಒಳಗಿನ ಯಾವ ದಾರವೂ ಗಿಡ್ಡವಾಗುತ್ತಿಲ್ಲ. ಕಪ್ಪು ಪಟ್ಟೆಯಲ್ಲಿ ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ದಾರಗಳಿವೆ. ಎರಡೂ ತುದಿಯ ಗೋಡೆಗಳಿಂದ ಆಕ್ಟಿನ್ ಎಂಬ ಪ್ರೋಟೀನಿನ ತೆಳು ದಾರಗಳು ಒಳಚಾಚಿವೆ. ತೆಳು ದಾರಗಳು ದಪ್ಪ ದಾರಗಳ ನಡುವೆ ಜಾರಿ ಒಳಸರಿಯುತ್ತವೆ, ಗೋಡೆಗಳು ಹತ್ತಿರ ಬರುತ್ತವೆ. ಸ್ನಾಯು ಸಂಕುಚನ ಎಂದರೆ ಇಷ್ಟೇ, ದಾರಗಳ ಜಾರಾಟ.

ಜಾರಿಸುವವರು ಯಾರು? ಮಯೋಸಿನ್ ದಾರದ ಮೈಮೇಲೆ ಸುತ್ತಲೂ ಸಣ್ಣ ತಲೆಗಳು ಹೊರಚಾಚಿವೆ. ಒಂದು ದಪ್ಪ ದಾರದಲ್ಲಿ ಸುಮಾರು 300 ಅಣುಗಳು, ಅಣುವಿಗೆ ಎರಡು ತಲೆ. ಈ ತಲೆ ಆಕ್ಟಿನ್ ದಾರವನ್ನು ಹಿಡಿದು ವಾಲುತ್ತದೆ. ಒಂದು ವಾಲಿಗೆ ದಾರ ಸರಿಯುವುದು ಹೆಚ್ಚೆಂದರೆ 10 ನ್ಯಾನೋಮೀಟರ್, ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು. ಇಷ್ಟರಿಂದ ಏನೂ ಆಗುವುದಿಲ್ಲ. ತಲೆ ಹಿಡಿತ ಬಿಡಬೇಕು, ಹಿಂದಿನ ಭಂಗಿಗೆ ಮರಳಬೇಕು, ದಾರದ ಮೇಲೆ ಮುಂದಿನ ಜಾಗ ಹಿಡಿಯಬೇಕು, ಮತ್ತೆ ವಾಲಬೇಕು. ಬಾವಿಯಿಂದ ನೀರು ಸೇದುವವರ ಕೈಗಳನ್ನು ನೆನಪಿಗೆ ತಂದುಕೊಳ್ಳಿ. ಹಗ್ಗವನ್ನು ಎಷ್ಟೇ ಬಲವಾಗಿ ಹಿಡಿದಿರಲಿ, ಹಿಡಿದ ಕೈ ಬಿಟ್ಟು ಮೇಲಕ್ಕೆ ಹೋಗಿ ಹಗ್ಗವನ್ನು ಮತ್ತೆ ಹಿಡಿಯದಿದ್ದರೆ ಕೊಡ ಒಂದು ಮೊಳಕ್ಕಿಂತ ಮೇಲೆ ಬರುವುದಿಲ್ಲ. ಒಂದು ಕೈ ಬಿಟ್ಟಾಗ ಇನ್ನೊಂದು ಕೈ ಹಿಡಿದಿರುವುದರಿಂದ ಕೊಡ ಜಾರಿ ಬೀಳುವುದೂ ಇಲ್ಲ. ಮಯೋಸಿನ್‌ನ ನೂರಾರು ತಲೆಗಳೂ ಹಾಗೆಯೇ, ಒಂದಷ್ಟು ಹಿಡಿದಿದ್ದರೆ ಒಂದಷ್ಟು ಬಿಟ್ಟಿರುತ್ತವೆ.

ಈ ಬಿಡುವ ಘಳಿಗೆಗೇ ಎಟಿಪಿ ಬೇಕು. ಅಡಿನೋಸಿನ್ ಟ್ರೈಫಾಸ್ಫೇಟ್ ಎಂಬ ಈ ಪುಟ್ಟ ಅಣು ನಮ್ಮ ಎಲ್ಲ ಜೀವಕೋಶಗಳ ಚಲಾವಣೆಯ ಇಂಧನ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಸ್ನಾಯುವಿನಿಂದ ಇದನ್ನು ಬೇರ್ಪಡಿಸಿದ. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ, ಲೋಮನ್‌ನ ಹಂಗಿಲ್ಲದೆ ಇದನ್ನೇ ಕಂಡುಹಿಡಿದವರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದವರು. ಅದಕ್ಕೂ ಎರಡು ವರ್ಷ ಮೊದಲು ಇದೇ ಜೋಡಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ಮೀಸಲು ಇಂಧನವನ್ನೂ ಪತ್ತೆಮಾಡಿತ್ತು. ರಕ್ತದಲ್ಲಿ ರಂಜಕದ ಪ್ರಮಾಣ ಅಳೆಯುವ ಅವರ ವಿಧಾನವನ್ನು ಜೀವರಸಾಯನದ ವಿದ್ಯಾರ್ಥಿಗಳು ಇಂದಿಗೂ ಅವರ ಹೆಸರಿನಿಂದಲೇ ಕಲಿಯುತ್ತಾರೆ. ಅವರಿಗೆ ಸಲ್ಲಬೇಕಾದ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಇನ್ನೂ ಸಂದಿಲ್ಲ ಎಂಬುದು ನಿಜಕ್ಕೂ ನೋವಿನ ಮಾತು.

ಎಟಿಪಿಗೂ ಸ್ನಾಯುವಿಗೂ ಇರುವ ನಂಟು ಕಣ್ಣಿಗೆ ಕಂಡದ್ದು ಎರಡನೇ ಮಹಾಯುದ್ಧದ ದಿನಗಳಲ್ಲಿ, ಹಂಗೇರಿಯ ಸೆಗೆಡ್ ಎಂಬ ಊರಿನಲ್ಲಿ. ವಿಟಮಿನ್ ಸಿ ಮೇಲಿನ ಕೆಲಸವೂ ಸೇರಿದ ಸಂಶೋಧನೆಗೆ 1937ರಲ್ಲಿ ನೊಬೆಲ್ ಪಡೆದಿದ್ದ ಆಲ್ಬರ್ಟ್ ಸೆಂಟ್‌ಗ್ಯೋರ್ಗಿ ಆಗ ಸ್ನಾಯುವಿನ ಬೆನ್ನುಹತ್ತಿದ್ದ. ಅವನ ಸಹೋದ್ಯೋಗಿ ಇಲೋನಾ ಬಂಗಾ ಮೊಲದ ಕೊಚ್ಚಿದ ಮಾಂಸವನ್ನು ಉಪ್ಪಿನ ದ್ರಾವಣದಲ್ಲಿ ನೆನೆಸಿ ಮಯೋಸಿನ್ ತೆಗೆಯುತ್ತಿದ್ದಳು. ಬೇಗ ಸೋಸಿದರೆ ದ್ರಾವಣ ತೆಳ್ಳಗಿರುತ್ತಿತ್ತು. ಒಮ್ಮೆ ರಾತ್ರಿಯಿಡೀ ಹಾಗೇ ಬಿಟ್ಟಾಗ ಬೆಳಗ್ಗೆ ಗಟ್ಟಿ ಲೋಳೆಯಾಗಿತ್ತು. ಎಟಿಪಿ ಹಾಕಿದ ಕೂಡಲೇ ಆ ಲೋಳೆ ಮತ್ತೆ ನೀರಾಯಿತು. ತಡವಾಗಿ ಹೊರಬಂದ ಇನ್ನೊಂದು ಪ್ರೋಟೀನು ಮಯೋಸಿನ್ ಜೊತೆ ಕಚ್ಚಿಕೊಂಡಿತ್ತು. ಅದನ್ನು ಬೇರ್ಪಡಿಸಿದವನು ಬ್ರೂನೋ ಸ್ಟ್ರಾಬ್, ಅದೇ ಆಕ್ಟಿನ್. ಎರಡೂ ಬೆರೆತ ಲೋಳೆಯಿಂದ ಎಳೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೇಯಿಸಿದ ಸ್ನಾಯುವಿನ ರಸ ತೊಟ್ಟಿಕ್ಕಿಸಿದಾಗ ಎಳೆ ಕುಗ್ಗಿತು. ರಸದಲ್ಲಿ ಇದ್ದದ್ದು ಎಟಿಪಿ ಮತ್ತು ಲವಣಗಳು. ಗಾಜಿನ ತುಂಡಿನ ಮೇಲೆ, ಜೀವವಿಲ್ಲದ ಎರಡು ಪ್ರೋಟೀನುಗಳು ಜೀವದ ಮೊದಲ ಲಕ್ಷಣವಾದ ಚಲನೆಯನ್ನು ತೋರಿಸಿದ್ದವು. ತನ್ನ ಬದುಕಿನ ಅತ್ಯಂತ ರೋಮಾಂಚಕ ಘಳಿಗೆ ಬಹುಶಃ ಅದೇ ಎಂದು ಸೆಂಟ್‌ಗ್ಯೋರ್ಗಿ ಮುಂದೆ ಬರೆದುಕೊಂಡ.

ಲೋಳೆ ನೀರಾದದ್ದು ಮತ್ತು ಎಳೆ ಕುಗ್ಗಿದ್ದು, ಈ ಎರಡು ಪ್ರಯೋಗಗಳಲ್ಲಿ ಎಟಿಪಿಯ ಎರಡೂ ಕೆಲಸ ಕಾಣುತ್ತವೆ. ಆಕ್ಟಿನ್ ಹಿಡಿದು ಕೂತ ಮಯೋಸಿನ್ ತಲೆಗೆ ಒಂದು ಎಟಿಪಿ ಬಂದು ಅಂಟಿಕೊಂಡರೆ ಸಾಕು, ಹಿಡಿತ ಬಿಡುತ್ತದೆ. ಬಿಟ್ಟ ಮೇಲೆ ಆ ಎಟಿಪಿ ಒಡೆಯುತ್ತದೆ, ಸಿಕ್ಕ ಶಕ್ತಿಯಿಂದ ತಲೆ ಹಿಂದಿನ ಭಂಗಿಗೆ ಮರಳಿ ಸಜ್ಜಾಗುತ್ತದೆ. ಮತ್ತೆ ಆಕ್ಟಿನ್ ಹಿಡಿದು, ಒಡೆದು ಉಳಿದ ತುಣುಕುಗಳನ್ನು ಒಂದೊಂದಾಗಿ ಹೊರಹಾಕುತ್ತಾ ವಾಲುತ್ತದೆ. ಎಲ್ಲವೂ ಹೊರಹೋದ ಮೇಲೆ ತಲೆ ದಾರವನ್ನು ಭದ್ರವಾಗಿ ಕಚ್ಚಿಕೊಂಡು ನಿಂತಿರುತ್ತದೆ. ಜೀವಂತ ಸ್ನಾಯುವಿನಲ್ಲಿ ಈ ಸ್ಥಿತಿ ಕಣ್ಣೆವೆ ಇಕ್ಕುವಷ್ಟೂ ಹೊತ್ತು ಇರುವುದಿಲ್ಲ, ಇನ್ನೊಂದು ಎಟಿಪಿ ಬಂದು ಬಿಡಿಸಿಬಿಡುತ್ತದೆ. ಸತ್ತ ದೇಹದಲ್ಲಿ ಬಿಡಿಸಲು ಬರುವವರೇ ಇಲ್ಲ. ಉಳಿದಿದ್ದ ಎಟಿಪಿ ಗಂಟೆಗಳು ಕಳೆದಂತೆ ಕರಗುತ್ತದೆ, ಒಂದೊಂದೇ ತಲೆ ಕಚ್ಚಿಕೊಂಡಲ್ಲೇ ಬೀಗಿ ನಿಲ್ಲುತ್ತದೆ. ಸೆಟೆತ ಎಂದರೆ ಅದೇ. ಓಡಿ ದಣಿದು ಸತ್ತವರಲ್ಲಿ, ಸೆಳವು ಬಂದು ಸತ್ತವರಲ್ಲಿ ಎಟಿಪಿ ಮೊದಲೇ ಖರ್ಚಾಗಿರುವುದರಿಂದ ಸೆಟೆತ ಬೇಗ ಬರುತ್ತದೆ. ಚಳಿಯಲ್ಲಿ ತಡವಾಗುತ್ತದೆ. ಕೊನೆಗೆ ಪ್ರೋಟೀನುಗಳೇ ಶಿಥಿಲವಾಗಿ ಕಳಚತೊಡಗಿದಾಗ ಮೈ ಮತ್ತೆ ಸಡಿಲಾಗುತ್ತದೆ.

ಇನ್ನು ಬದುಕಿರುವವರ ಮಾತು. ಎಟಿಪಿ ಧಾರಾಳವಾಗಿರುವಾಗ ಮಯೋಸಿನ್ ಸದಾ ಹಿಡಿಯುತ್ತಾ ಬಿಡುತ್ತಾ ಇರಬೇಕಲ್ಲ, ನಾವು ಸುಮ್ಮನೆ ಕೂತಾಗ ಅದನ್ನು ತಡೆದಿರುವುದು ಏನು? ಆಕ್ಟಿನ್ ದಾರದ ಮೇಲೆ ಟ್ರೋಪೋಮಯೋಸಿನ್ ಎಂಬ ಇನ್ನೊಂದು ನೂಲು ಸುತ್ತಿಕೊಂಡು, ಮಯೋಸಿನ್ ಹಿಡಿಯಬೇಕಾದ ಜಾಗಗಳನ್ನು ಮುಚ್ಚಿಟ್ಟಿದೆ. ಅದರ ಜೊತೆಗೆ ಟ್ರೋಪೋನಿನ್ ಎಂಬ ಪ್ರೋಟೀನ್ ಕಾವಲಿಗಿದೆ. ಕ್ಯಾಲ್ಸಿಯಂ ಬಂದು ಟ್ರೋಪೋನಿನ್‌ಗೆ ಕೂಡಿಕೊಂಡರೆ ನೂಲು ಪಕ್ಕಕ್ಕೆ ಸರಿಯುತ್ತದೆ, ಜಾಗ ತೆರೆಯುತ್ತದೆ, ಎಳೆದಾಟ ಶುರುವಾಗುತ್ತದೆ. ಕ್ಯಾಲ್ಸಿಯಂ ಹೋದರೆ ನೂಲು ಮರಳಿ ಮುಚ್ಚಿಕೊಳ್ಳುತ್ತದೆ.

ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ? ಪ್ರತಿ ಎಳೆಯ ಸುತ್ತಲೂ ಬಲೆಯಂತೆ ಹಬ್ಬಿದ ಚೀಲಗಳಲ್ಲಿ ಅದನ್ನು ಕೂಡಿಟ್ಟಿದೆ. ಚೀಲದ ಹೊರಗೆ, ದಾರಗಳಿರುವ ಕಡೆ, ಆರಾಮದ ಹೊತ್ತಿನಲ್ಲಿ ಇರುವ ಕ್ಯಾಲ್ಸಿಯಂ ತೀರಾ ಅಲ್ಪ. ಚೀಲದೊಳಗೆ ಅದರ ಹತ್ತು ಸಾವಿರ ಪಟ್ಟಿನಷ್ಟು. ನೀವು ಲೋಟ ಎತ್ತಬೇಕೆಂದುಕೊಂಡಾಗ ಬೆನ್ನುಹುರಿಯಿಂದ ಹೊರಟ ನರ ತನ್ನ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಅದು ಸ್ನಾಯುತಂತುವಿನ ಪೊರೆಯನ್ನು ಮುಟ್ಟಿದ ಕೂಡಲೇ ವಿದ್ಯುತ್ತಿನ ಅಲೆಯೊಂದು ಎದ್ದು ತಂತುವಿನ ಉದ್ದಕ್ಕೂ ಓಡುತ್ತದೆ. ಪೊರೆಯಿಂದ ಒಳಕ್ಕೆ ಇಳಿದಿರುವ ಸಣ್ಣ ಕೊಳವೆಗಳ ಮೂಲಕ ಆಳಕ್ಕೂ ತಲುಪುತ್ತದೆ. ಚೀಲಗಳ ದ್ವಾರ ತೆರೆಯುತ್ತವೆ, ಕ್ಯಾಲ್ಸಿಯಂ ಧುಮ್ಮಿಕ್ಕುತ್ತದೆ. ಹೊರಗಿನ ಅದರ ಪ್ರಮಾಣ ಕೆಲವೇ ಮಿಲಿಸೆಕೆಂಡುಗಳಲ್ಲಿ ನೂರು ಪಟ್ಟಿನ ಆಸುಪಾಸಿಗೆ ಏರುತ್ತದೆ.

ಹಾಗಾದರೆ ಸಡಿಲಿಕೆಯ ಅಪ್ಪಣೆ ಹೇಗೆ ಬರುತ್ತದೆ? ಅಂಥ ಅಪ್ಪಣೆಯೇ ಇಲ್ಲ. 'ಬಿಡು' ಎಂದು ಸ್ನಾಯುವಿಗೆ ಹೇಳುವ ನರ ನಮ್ಮ ಕೈಕಾಲುಗಳಲ್ಲಿ ಎಲ್ಲೂ ಇಲ್ಲ. 'ಹಿಡಿ' ಎನ್ನುವುದನ್ನು ನರ ನಿಲ್ಲಿಸುತ್ತದೆ, ಅಷ್ಟೆ. ಉಳಿದ ಹೊಣೆಯೆಲ್ಲ ಕೋಶದ್ದೇ. ನರದ ತುದಿಯಲ್ಲಿ ಬಿದ್ದಿರುವ ಅಸಿಟೈಲ್‌ಕೋಲಿನ್‌ಅನ್ನು ಒಂದು ಕಿಣ್ವ ತಕ್ಷಣ ಒಡೆದುಹಾಕುತ್ತದೆ. ಚೀಲದ ದ್ವಾರ ಮುಚ್ಚಿಕೊಳ್ಳುತ್ತದೆ. ಚೆಲ್ಲಿದ ಕ್ಯಾಲ್ಸಿಯಂ ಅನ್ನು ಮತ್ತೆ ಒಳಗೆ ತುಂಬಬೇಕು. ಕಡಿಮೆ ಇರುವ ಕಡೆಯಿಂದ ಹತ್ತು ಸಾವಿರ ಪಟ್ಟು ಹೆಚ್ಚಿರುವ ಕಡೆಗೆ ಅದು ತಾನಾಗಿ ಹೋಗುವುದಿಲ್ಲ, ತಳ್ಳಬೇಕು. ಚೀಲದ ಪೊರೆಯಲ್ಲಿ ಒತ್ತೊತ್ತಾಗಿ ಕೂತಿರುವ ಪಂಪುಗಳು ಅದನ್ನು ಮಾಡುತ್ತವೆ. ಎರಡು ಕ್ಯಾಲ್ಸಿಯಂ ಒಳಸೇರಿಸಲು ಒಂದು ಎಟಿಪಿ ಖರ್ಚು. ಕೆಲಸ ಮಾಡುತ್ತಿರುವ ಸ್ನಾಯು ಸುಡುವ ಒಟ್ಟು ಇಂಧನದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮುಖ್ಯವಾಗಿ ಈ ಪಂಪುಗಳಿಗೇ ಹೋಗುತ್ತದೆ. ಎತ್ತಿದ ಭಾರಕ್ಕೆ ಅದರಲ್ಲಿ ಒಂದು ಗುಲಗಂಜಿಯೂ ಸಲ್ಲುವುದಿಲ್ಲ, ಅಷ್ಟೂ ಬಿಡುವುದರ ವೆಚ್ಚ.

ಈ ಪಂಪನ್ನು ಕಂಡುಕೊಂಡ ದಾರಿ ಕುತೂಹಲದ್ದು. 1951ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾರ್ಷ್ ಎಂಬ ಯುವ ಸಂಶೋಧಕ, ಅರೆದ ಸ್ನಾಯುವಿನ ತಿಳಿಯಲ್ಲಿ ಸ್ನಾಯುವನ್ನು ಸಡಿಲಿಸುವ ಏನೋ ಒಂದು ಇದೆ ಎಂದು ತೋರಿಸಿದ. ಅದೊಂದು ಹೊಸ ರಾಸಾಯನಿಕ ಎಂದು ಜಗತ್ತಿನ ಪ್ರಯೋಗಾಲಯಗಳು ವರ್ಷಗಟ್ಟಲೆ ಹುಡುಕಿದವು. ಟೋಕಿಯೋದ ಸೆತ್ಸುರೋ ಎಬಾಶಿಗೆ ಕಂಡದ್ದೇ ಬೇರೆ. ತಿಳಿಯಲ್ಲಿ ತೇಲುತ್ತಿದ್ದದ್ದು ಒಡೆದ ಚೀಲಗಳ ಚೂರುಗಳು, ಅವು ಎಟಿಪಿ ಸುಟ್ಟು ಸುತ್ತಲಿನ ಕ್ಯಾಲ್ಸಿಯಂ ಹೀರಿಕೊಳ್ಳುತ್ತಿದ್ದವು. ಜರ್ಮನಿಯಲ್ಲಿ ಹಾಸೆಲ್‌ಬಾಕ್ ಮತ್ತು ಮಾಕಿನೋಸೆ ಕೂಡ 1960ರ ದಶಕದ ಆರಂಭದಲ್ಲಿ ಇದೇ ತೀರ್ಮಾನಕ್ಕೆ ಬಂದರು. ಸಡಿಲಿಸುವ ವಸ್ತುವೆಂದು ಒಂದು ಇರಲೇ ಇಲ್ಲ, ಬಿಗಿಸುವ ವಸ್ತುವನ್ನು ಆಚೆ ಸಾಗಿಸುವ ಶ್ರಮ ಮಾತ್ರ ಇತ್ತು. ಅಷ್ಟು ಸರಳವಾದ ಕ್ಯಾಲ್ಸಿಯಂ ಇಷ್ಟು ದೊಡ್ಡ ಕೆಲಸದ ಯಜಮಾನ ಎಂದರೆ ಆಗ ಬಹಳ ಜನ ನಂಬಲಿಲ್ಲ. ಕೆಲವೇ ವರ್ಷಗಳಲ್ಲಿ ಎಬಾಶಿಯೇ ಟ್ರೋಪೋನಿನ್ ಅನ್ನೂ ಪತ್ತೆಮಾಡಿ ಆ ಅನುಮಾನಕ್ಕೆ ತೆರೆ ಎಳೆದ.

ಈ ಬಿಡುವ ಕೆಲಸ ಎಷ್ಟು ಚುರುಕಾಗಿರಬೇಕೆಂದು ತಿಳಿಯಲು ಮೃದಂಗದ ಮೇಲೆ ಬೆರಳು ಆಡುವುದನ್ನು ಹತ್ತಿರದಿಂದ ನೋಡಿ. ಪ್ರತಿ ಪೆಟ್ಟಿಗೂ ಮೊದಲು ಹಿಂದಿನ ಪೆಟ್ಟಿನ ಕ್ಯಾಲ್ಸಿಯಂ ಬಹುಪಾಲು ಚೀಲ ಸೇರಿರಬೇಕು. ಇಲ್ಲದಿದ್ದರೆ ಒಂದರ ಬಿಗಿತ ಇನ್ನೊಂದಕ್ಕೆ ಕೂಡಿ ಬೆರಳು ಅಲ್ಲೇ ನಿಂತುಬಿಡುತ್ತದೆ. ವೇಗದ ತಂತುಗಳಲ್ಲಿ ಪಂಪುಗಳು ಹೆಚ್ಚು, ಬೇಗ ಬಿಡುತ್ತವೆ. ಹೊತ್ತುಗಟ್ಟಲೆ ನಿಲ್ಲಲು ನೆರವಾಗುವ ನಿಧಾನದ ತಂತುಗಳಲ್ಲಿ ಕಡಿಮೆ. ದಣಿದ ಸ್ನಾಯುವಿನಲ್ಲಿ ಪಂಪು ನಿಧಾನವಾಗುವುದರಿಂದ ಹಿಡಿದದ್ದು ಸಲೀಸಾಗಿ ಬಿಡುವುದಿಲ್ಲ. ಓಟದ ಕೊನೆಯಲ್ಲಿ ಕಾಲು ಮಾತು ಕೇಳುತ್ತಿಲ್ಲ ಎನಿಸುವುದರಲ್ಲಿ ಇದರ ಪಾಲೂ ಇದೆ. ಮರುದಿನ, ಮೂರನೇ ದಿನ ಕಾಡುವ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಜಿಮ್ಮಿನಲ್ಲಿ ಹೇಳುವುದುಂಟು, ಅದು ತಪ್ಪು. ಲ್ಯಾಕ್ಟೇಟ್ ಗಂಟೆ ಎರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಆ ನೋವು ರೂಢಿಯಿಲ್ಲದ ಕೆಲಸದಲ್ಲಿ ತಂತುಗಳಿಗೆ ಆದ ಸಣ್ಣಪುಟ್ಟ ಗಾಯದ್ದು.

ಇನ್ನೊಂದು ಸಂಗತಿ. ಹಿಡಿತ ಬಿಟ್ಟ ಮಾತ್ರಕ್ಕೆ ಸ್ನಾಯು ಮೊದಲಿನ ಉದ್ದಕ್ಕೆ ಬರುವುದಿಲ್ಲ. ಮಯೋಸಿನ್‌ಗೆ ಎಳೆಯಲು ಬರುತ್ತದೆ, ನೂಕಲು ಬರುವುದಿಲ್ಲ. ತೋಳಿನ ಮುಂದಿನ ಸ್ನಾಯುವನ್ನು ಉದ್ದ ಮಾಡಬೇಕಾದದ್ದು ಹಿಂದಿನ ಸ್ನಾಯು ಅಥವಾ ಕೈಯ ಭಾರ. ಅದಕ್ಕೇ ಸ್ನಾಯುಗಳು ಜೋಡಿಯಾಗಿ ಎದುರುಬದುರು ಇರುವುದು. ಎಳೆದು ಉದ್ದ ಮಾಡುವಾಗ ಅತಿಯಾಗದಂತೆ ಕಾಯಲು ಟೈಟಿನ್ ಎಂಬ ಪ್ರೋಟೀನ್ ಪ್ರತಿ ಸಾರ್ಕೋಮಿಯರಿನ ಅಂಚಿನಿಂದ ನಡುವಿನವರೆಗೂ ಹಬ್ಬಿದೆ. ಸುಮಾರು 34 ಸಾವಿರ ಅಮೈನೋ ಆಮ್ಲಗಳ ಸರಪಳಿ ಅದು. ನಮ್ಮ ಮೈಯಲ್ಲಿ ಇದಕ್ಕಿಂತ ದೊಡ್ಡ ಪ್ರೋಟೀನು ಬೇರೆ ಇಲ್ಲ.

ಬಿಡುವ ಈ ವ್ಯವಸ್ಥೆ ಎಲ್ಲಿ ಕೆಟ್ಟರೂ ಅಪಾಯ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಗಂಟು ಕಟ್ಟಿಕೊಂಡು ಚೀರುವಂತಾದಾಗ "ನರ ಹಿಡ್ಕೊಂತು" ಎನ್ನುತ್ತೇವಲ್ಲ, ಆ ಮಾತು ಸತ್ಯಕ್ಕೆ ಬಹಳ ಹತ್ತಿರ. ಅಲ್ಲಿ ಎಟಿಪಿಯ ಕೊರತೆ ಇರುವುದಿಲ್ಲ, ನರ ಅಪ್ಪಣೆ ಕೊಡುವುದನ್ನು ನಿಲ್ಲಿಸಿರುವುದಿಲ್ಲ. ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಸ್ನಾಯುರಜ್ಜುವಿನ ಅರಿವಿನ ನರಗಳು ಆ ಅಪ್ಪಣೆಯನ್ನು ತಗ್ಗಿಸುತ್ತವೆ. ಧನುರ್ವಾಯುವಿನಲ್ಲಿ ರೋಗಾಣುವಿನ ನಂಜು ಬೆನ್ನುಹುರಿಗೆ ಏರಿ, ನರಗಳಿಗೆ ಕಡಿವಾಣ ಹಾಕುವ ಕೋಶಗಳ ಬಾಯಿ ಕಟ್ಟುತ್ತದೆ. ಆಗ ಎದುರುಬದುರಿನ ಸ್ನಾಯುಗಳೆರಡೂ ಒಟ್ಟಿಗೆ ಬಿಗಿಯುತ್ತವೆ, ಮೊದಲು ದವಡೆ, ಆಮೇಲೆ ಬೆನ್ನು.

ನಮ್ಮ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಹೆಚ್ಚು ಕಾಣುವುದು ಕೀಟನಾಶಕದ ವಿಷ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಔಷಧಗಳು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನೇ ಕೆಡಿಸುತ್ತವೆ. ಕುಡಿದರೆ ಮಾತ್ರ ಎಂದಲ್ಲ, ಮುಖಕ್ಕೆ ಬಟ್ಟೆ, ಕೈಗೆ ಗವಸು ಇಲ್ಲದೆ ಹೊಲದಲ್ಲಿ ಸಿಂಪಡಿಸಿದರೂ ಚರ್ಮದಿಂದ, ಉಸಿರಿನಿಂದ ಒಳಹೋಗುತ್ತವೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣುಗುಡ್ಡೆಯ ನಡುವಿನ ಪಾಪೆ ಕಿರಿದಾಗುತ್ತದೆ, ರೆಪ್ಪೆ ಮತ್ತು ಮೀನಖಂಡದ ಮಾಂಸ ತಾನೇ ತಾನಾಗಿ ಅದುರತೊಡಗುತ್ತದೆ. ಅಪ್ಪಣೆ ನಿಲ್ಲದೆ ಬರುತ್ತಿದ್ದರೆ ಸ್ನಾಯು ಕೊನೆಗೆ ಅದಕ್ಕೆ ಓಗೊಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಉಸಿರಾಡಿಸುವ ವಪೆಯೂ ಇಂಥದೇ ಒಂದು ಸ್ನಾಯು ಆದ್ದರಿಂದ ಉಸಿರು ನಿಲ್ಲುತ್ತದೆ. ಅದುರು ಕಂಡ ಕೂಡಲೇ ಬಟ್ಟೆ ಬಿಚ್ಚಿ, ಮೈ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಹೊರಡಬೇಕು. ಅಟ್ರೋಪಿನ್ ಮತ್ತು ಉಸಿರಾಟದ ಯಂತ್ರ ಸಮಯಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಉಳಿಯುತ್ತಾರೆ.

ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ಕಾಯಿಲೆಯ ಕಥೆ ಮೆಲ್ಬರ್ನ್‌ನದು. ಕಾಲು ಮುರಿದುಕೊಂಡ 21 ವರ್ಷದ ಯುವಕನೊಬ್ಬ ಅಲ್ಲಿನ ಆಸ್ಪತ್ರೆಗೆ ಬಂದಿದ್ದ. ಕಾಲಿಗಿಂತ ಅವನಿಗೆ ಅರಿವಳಿಕೆಯ ಭಯವೇ ಹೆಚ್ಚಾಗಿತ್ತು. ಅವನ ಬಂಧುಗಳಲ್ಲಿ ಹತ್ತು ಜನ ಈಥರ್ ಕೊಟ್ಟಾಗ ಸತ್ತಿದ್ದರು. ವೈದ್ಯರು ಈಥರ್ ಬಿಟ್ಟು ಆಗಿನ್ನೂ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು. ಹತ್ತಾರು ನಿಮಿಷಗಳಲ್ಲೇ ರಕ್ತದೊತ್ತಡ ಕುಸಿಯಿತು, ಮೈ ಕಾದು ಸುಡತೊಡಗಿತು. ಅನಿಲ ನಿಲ್ಲಿಸಿ ಮಂಜುಗಡ್ಡೆ ಹಾಕಿ ತಂಪು ಮಾಡಿ ಅವನನ್ನು ಉಳಿಸಿಕೊಂಡರು. ಡೆನ್‌ಬರೋ ಮತ್ತು ಲೊವೆಲ್ ಎಂಬ ವೈದ್ಯರು 1960ರಲ್ಲಿ ಇದನ್ನು ವರದಿ ಮಾಡಿದರು. ಕ್ಯಾಲ್ಸಿಯಂ ಚೀಲದ ದ್ವಾರದಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ದೋಷವಿರುತ್ತದೆ ಎಂಬುದು ಆಮೇಲೆ ತಿಳಿಯಿತು. ದಿನನಿತ್ಯದ ಬದುಕಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಕೆಲವು ಅರಿವಳಿಕೆ ಅನಿಲಗಳು, ಸಕ್ಸಿನೈಲ್‌ಕೋಲಿನ್ ಎಂಬ ಚುಚ್ಚುಮದ್ದು ಸೋಕಿದಾಗ ಮಾತ್ರ ದ್ವಾರ ತೆರೆದುಕೊಂಡೇ ಉಳಿಯುತ್ತದೆ. ಕ್ಯಾಲ್ಸಿಯಂ ಸುರಿಯುತ್ತಲೇ ಇರುತ್ತದೆ, ಪಂಪುಗಳು ತುಂಬುತ್ತಲೇ ಇರುತ್ತವೆ, ಮಯೋಸಿನ್ ಎಳೆಯುತ್ತಲೇ ಇರುತ್ತದೆ, ಅಷ್ಟೂ ಎಟಿಪಿ ಸುಟ್ಟ ಕಾವು ಮೈಗೆ ಏರುತ್ತದೆ. ದ್ವಾರ ಮುಚ್ಚಿಸುವ ಡ್ಯಾಂಟ್ರೋಲಿನ್ ಎಂಬ ಮದ್ದು ಈಗ ಇದೆ. ಅದು ಕೈಗೆ ಸಿಗುವ ಕಡೆ ಸಾವು ಬಹಳ ಕಡಿಮೆಯಾಗಿದೆ.

ಈ ದೋಷ ತಂದೆತಾಯಿಯರಲ್ಲಿ ಒಬ್ಬರಲ್ಲಿದ್ದರೂ ಸಾಕು, ಮಕ್ಕಳಿಗೆ ಬರಬಹುದು. ಹಾಗಾಗಿ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಆಪರೇಷನ್ ಟೇಬಲ್ಲಿನ ಮೇಲೆ ಅರಿವಳಿಕೆ ಕೊಟ್ಟ ಮೇಲೆ ವಿಪರೀತ ಜ್ವರ ಏರಿ ಮೈ ಸೆಟೆದಿದ್ದರೆ, ಇಲ್ಲವೇ ಕಾರಣ ತಿಳಿಯದೆ ಪ್ರಾಣ ಹೋಗಿದ್ದರೆ, ಅದು ಎಷ್ಟೇ ಹಳೆಯ ಮಾತಾಗಿರಲಿ, ನಿಮ್ಮ ಅಥವಾ ನಿಮ್ಮ ಮಕ್ಕಳ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ. ಅರಿವಳಿಕೆಯ ವಿಧಾನ ಬದಲಿಸಲು ಅವರಿಗೆ ಆ ಒಂದು ಮಾಹಿತಿ ಸಾಕು.